ಪವರ್ ಪ್ರೆಸ್ಸಿನ ಪಕ್ಕದ ಬ್ಯಾಂಡು

ನಮ್ಮ ಬ್ಯಾಂಡಿಗೆ ಶುರುವಿನಲ್ಲಿ ಒಂದು ಹೆಸರಿಟ್ಟಿದ್ದೆವು. ಅದು ಎಷ್ಟು ಬುದ್ಧಿವಂತ ಹೆಸರೆಂದರೆ, ಕಾರ್ಯಕ್ರಮ ನಿರೂಪಿಸುವವರಲ್ಲಿ ಒಬ್ಬರ ಬಾಯಲ್ಲೂ ಅದು ಹೊರಳಲಿಲ್ಲ. ಎರಡು ಸಲ ತೊದಲಿ, ಮೂರನೆಯ ಸಲಕ್ಕೆ "ಈಗ ನಿಮ್ಮ ಮುಂದೆ... ಕನ್ನಡ ಬ್ಯಾಂಡ್!" ಎಂದು ಕೂಗಿ ಕೆಳಗಿಳಿದುಬಿಡುತ್ತಿದ್ದರು. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಅಷ್ಟು ಹೇಳಿದರೆ ಸಾಕಾಗುತ್ತಿತ್ತು. ಯಾವ ಕನ್ನಡ ಬ್ಯಾಂಡ್ ಎಂದು ಯಾರೂ ಮತ್ತೆ ಕೇಳುತ್ತಿರಲಿಲ್ಲ.

ನಾವು ನಾಲ್ಕು ಜನ. ಹಾಡುವವನು ಬ್ಯಾಂಕಿನಲ್ಲಿ ಗುಮಾಸ್ತ. ಹಾಡು ಬರೆಯುವವನೂ ಅವನೇ ಆದ್ದರಿಂದ ಅವನನ್ನು ಕವಿ ಎಂದೇ ಕರೆಯುತ್ತಿದ್ದೆವು. ಅವನ ಪ್ರತಿಯೊಂದು ಹಾಡಿನಲ್ಲೂ ಶೂನ್ಯ, ಮೌನ, ನೆರಳು ಈ ಮೂರು ಪದಗಳು ಇದ್ದೇ ಇರುತ್ತಿದ್ದವು. ಇಷ್ಟೆಲ್ಲ ಮೌನದ ಬಗ್ಗೆ ಬರೆಯುವ ಮನುಷ್ಯ ಒಂದು ಗಳಿಗೆ ಬಾಯಿ ಮುಚ್ಚಿಕೊಂಡು ಕೂತದ್ದನ್ನು ನಾನು ಕಂಡಿಲ್ಲ. ಗಿಟಾರ್ ನುಡಿಸುವವನು ಟೆಕ್ ಪಾರ್ಕಿನಲ್ಲಿ ಮ್ಯಾನೇಜರ್. ಬ್ಯಾಂಡಿನಲ್ಲೂ ತಾನು ಮ್ಯಾನೇಜರೇ ಎಂದು ಅವನು ತಿಳಿದುಕೊಂಡಿದ್ದ, ನಾವು ಬೇಡವೆನ್ನಲು ಸೋಮಾರಿಗಳಾಗಿದ್ದೆವು. ಬೇಸ್ ಗಿಟಾರಿನವನು ಪಟ್ಟಂದೂರು ಅಗ್ರಹಾರದವನೇ. ಅವನ ಅಜ್ಜ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಇವನು ಟೆಕ್ ಹುಡುಗರಿಗೆ ಪಿ.ಜಿ. ವಸತಿ ನಡೆಸುತ್ತಾನೆ. ಮಾತು ಕಡಿಮೆ. ಆಡಿದರೆ ಒಂದು ವಾರ ನೆನಪಿರುವಂಥದ್ದು ಆಡುತ್ತಾನೆ.

ಡ್ರಮ್ಸ್ ನಾನು. ವಾರದ ದಿನಗಳಲ್ಲಿ ಕುಂದಲಹಳ್ಳಿಯ ಕಡೆಯ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಬೆಳಗಿನ ಪ್ರಾರ್ಥನೆಗೆ ಇಡೀ ಶಾಲೆಯನ್ನು ಡ್ರಮ್ ಬಾರಿಸಿಕೊಂಡು ಮೈದಾನಕ್ಕೆ ತರುವವಳು ನಾನೇ. ಎಡಗಾಲು ಬಲಗಾಲು ಗೊತ್ತಿಲ್ಲದ ಒಂದನೆಯ ತರಗತಿಯ ಪುಟಾಣಿಗಳು ಕೂಡ ನನ್ನ ಏಟಿಗೆ ಸರಿಯಾಗಿ ಹೆಜ್ಜೆ ಹಾಕುತ್ತಾರೆ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ, ಏಕೆಂದರೆ ನನಗೆ ತಾಳ ಬರುವುದಿಲ್ಲ ಎಂದು ಇದೇ ಮೂವರು ಮಹಾಶಯರು ಮುಂದೆ ತೀರ್ಪು ಕೊಟ್ಟರು.

ಸ್ವಂತ ಹಾಡು ಕಟ್ಟುವ ಬ್ಯಾಂಡಿನ ಬದುಕು ಈ ಕಡೆ ಹೇಗಿರುತ್ತದೆಂದು ಸ್ವಲ್ಪ ಹೇಳಬೇಕು. ವರ್ಷದ ಹನ್ನೊಂದು ತಿಂಗಳು ನಾವು ಯಾರಿಗೂ ಬೇಡ. ಬಿಯರ್ ತಯಾರಿಸಿ ಮಾರುವ ದೊಡ್ಡ ದೊಡ್ಡ ಹೋಟೆಲುಗಳಿಗೆ ಫೋನು ಮಾಡಿದರೆ "ಹಿಂದಿ ಹಾಡ್ತೀರಾ?" ಎಂದು ಕೇಳುತ್ತಾರೆ. ಸ್ವಂತ ಹಾಡು ಇದೆ ಎಂದರೆ, ನಮಗೇನೋ ಕಾಯಿಲೆ ಇದೆಯೆಂದು ಕೇಳಿಸಿಕೊಂಡವರ ದನಿಯಲ್ಲಿ "ಓ, ಓಕೆ" ಎನ್ನುತ್ತಾರೆ. ನವೆಂಬರ್ ಬಂದರೆ ಮಾತ್ರ ನಮ್ಮ ನಸೀಬು ಖುಲಾಯಿಸುತ್ತದೆ. ಪ್ರತಿಯೊಂದು ಅಪಾರ್ಟ್‌ಮೆಂಟಿಗೂ ಪ್ರತಿಯೊಂದು ಕಂಪನಿಗೂ ರಾಜ್ಯೋತ್ಸವ ಮಾಡಬೇಕು. ಮಾಡಲು ಕನ್ನಡದ್ದು ಏನಾದರೂ ಬೇಕು. ಆಗ ನಮ್ಮ ಹೆಗಲಿಗೆ ಹಳದಿ ಕೆಂಪು ಶಾಲು ಬೀಳುತ್ತದೆ, ಕ್ಲಬ್ ಹೌಸಿನಲ್ಲಿ ಸಮೋಸ ಸಿಗುತ್ತದೆ. ಮಕ್ಕಳ ಫ್ಯಾನ್ಸಿ ಡ್ರೆಸ್ಸಿಗೂ ಬಿಂಗೋ ಆಟಕ್ಕೂ ನಡುವೆ ನಾವು ಶೂನ್ಯ ಮೌನ ನೆರಳು ಹಾಡಿ ಬರುತ್ತೇವೆ.

ಅಭ್ಯಾಸಕ್ಕೆ ಜಾಗ ಸಿಕ್ಕಿದ್ದು ನಮ್ಮಪ್ಪನ ದೆಸೆಯಿಂದ. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಅವರ ಜೊತೆ ಅದೇ ವಿಭಾಗದಲ್ಲಿದ್ದ ಒಬ್ಬರು ಬೇಗನೆ ವಿ.ಆರ್.ಎಸ್. ತೆಗೆದುಕೊಂಡು, ಕುಂದಲಹಳ್ಳಿಯ ಆಚೆಯ ಹಳೆಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ ಹಾಕಿ ಪವರ್ ಪ್ರೆಸ್ ಇಟ್ಟಿದ್ದರು. ಸ್ಕೂಟರುಗಳಿಗೆ ಬೇಕಾದ ಚಿಕ್ಕ ಚಿಕ್ಕ ತಗಡಿನ ಬಿಲ್ಲೆಗಳನ್ನು ಕತ್ತರಿಸುವ ಕೆಲಸ. ನಾನು ಅವರನ್ನು ಚಿಕ್ಕಂದಿನಿಂದ ಅಂಕಲ್ ಎಂದು ಕರೆದು ರೂಢಿ. ಶೆಡ್ಡಿನ ನಡುವೆ ಸಿಮೆಂಟ್ ಇಟ್ಟಿಗೆಯ ಗೋಡೆ. ಒಂದು ಕಡೆ ಪ್ರೆಸ್ಸು, ಇನ್ನೊಂದು ಕಡೆ ಖಾಲಿ ಗೋದಾಮು. "ಭಾನುವಾರ ಬಂದು ಅದೇನ್ ಬಡ್ಕೋತೀರೋ ಬಡ್ಕೊಳಮ್ಮ, ಅಕ್ಕಪಕ್ಕ ಯಾರೂ ಮಲಗಿರಲ್ಲ" ಎಂದು ಗೋದಾಮಿನ ಬೀಗದ ಕೈ ಕೊಟ್ಟರು. ಪಿ.ಜಿ.ಯವನು ತನ್ನ ಪಿ.ಜಿ.ಯಿಂದ ಹಳೆಯ ಹಾಸಿಗೆಗಳನ್ನು ಟೆಂಪೋದಲ್ಲಿ ತಂದು ಗೋಡೆಗೆ ಒರಗಿಸಿದ. ಅವುಗಳಲ್ಲಿ ತಿಗಣೆ ಇತ್ತು. ಕಲೆಗಾಗಿ ರಕ್ತ ಸುರಿಸುವುದು ಎಂದರೇನೆಂದು ನಮಗೆ ಮೊದಲ ಭಾನುವಾರವೇ ತಿಳಿಯಿತು.

ಗೋಡೆಯಾಚೆ ಭಾನುವಾರವೂ ಪ್ರೆಸ್ ಓಡುತ್ತಿತ್ತು. ಸೋಮವಾರ ಬೆಳಿಗ್ಗೆ ಮಾಲು ಹೋಗಬೇಕಾದ್ದರಿಂದ ಕೊಪ್ಪಳದ ಕಡೆಯ ಒಬ್ಬ ಆಪರೇಟರ್ ಭಾನುವಾರ ಓವರ್‌ಟೈಮ್ ಮಾಡುತ್ತಿದ್ದ. ನಲವತ್ತು ದಾಟಿದ ಮನುಷ್ಯ, ಹೆಂಡತಿ ಮಕ್ಕಳ ಜೊತೆ ಅಗ್ರಹಾರದಲ್ಲೇ ಬಾಡಿಗೆ ರೂಮಿನಲ್ಲಿದ್ದ. ನಾವು ಅವನನ್ನು ಪ್ರೆಸ್ಸಿನ ಅಣ್ಣ ಎನ್ನುತ್ತಿದ್ದೆವು. ಬಂದಾಗ "ಆರಾಮ್ರೀ ಅಕ್ಕಾರ?" ಎನ್ನುತ್ತಿದ್ದ, ಹೋಗುವಾಗ "ಹೊಂಟ್ರೇನ್ರಿ?" ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚಿನ ಮಾತು ಆಗಿರಲಿಲ್ಲ. ಅವನು ಊರಿಗೆ ಹೋದ ಭಾನುವಾರ ಅಂಕಲ್ ಹೊರಗಿನ ಗೇಟೇ ತೆಗೆಯುತ್ತಿರಲಿಲ್ಲವಾದ್ದರಿಂದ ನಮಗೂ ರಜೆ.

ಪ್ರೆಸ್ ಎಂದರೆ ಆನೆ ಕಾಲು ಊರಿದಂತೆ ಧಡ್, ಮತ್ತೆ ಸ್ವಲ್ಪ ಬಿಟ್ಟು ಧಡ್. ನೆಲ ನಡುಗುತ್ತಿತ್ತು. ಮೊದಮೊದಲು ಕವಿ ತಲೆ ಹಿಡಿದುಕೊಂಡು "ಈ ನರಕದಲ್ಲಿ ಹಾಡು ಹುಟ್ಟೋದು ಹೆಂಗೆ ಮಗಾ?" ಎಂದು ಗೋಳಾಡಿದ. ಒಂದೆರಡು ತಿಂಗಳಲ್ಲಿ ಆ ಸದ್ದು ನಮ್ಮ ಕಿವಿಗೆ ಬೀಳುವುದೇ ನಿಂತುಹೋಯಿತು. ಹಾಡುಗಳೂ ಹುಟ್ಟಿದವು. ಆ ಗೋದಾಮಿನಲ್ಲಿ ನಾವು ನುಡಿಸುತ್ತಿದ್ದುದು ನಿಜಕ್ಕೂ ಚೆನ್ನಾಗಿತ್ತು. ನಾಲ್ವರೂ ಒಂದೇ ಉಸಿರಿನಲ್ಲಿ ಇರುತ್ತಿದ್ದೆವು. ಹಾಡು ಮುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನೆ ನಗುತ್ತಿದ್ದೆವು.

ಹೊರಗೆ ಹೋದರೆ ಮಾತ್ರ ಮಾನ ಹರಾಜು. ಅಪಾರ್ಟ್‌ಮೆಂಟಿನ ವೇದಿಕೆಯಲ್ಲಿ ಮೊದಲ ಚರಣಕ್ಕೇ ಕವಿ ಒಂದು ಕಡೆ, ಗಿಟಾರ್ ಒಂದು ಕಡೆ, ನಾನು ಒಂದು ಕಡೆ. ಹಾಡನ್ನು ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಮುಗಿಸಿದೆವು. ಕೇಳುತ್ತಿದ್ದ ತಾತ ಒಬ್ಬರು "ಇದು ಫ್ಯೂಷನ್ನಾ?" ಎಂದು ಕೇಳಿದರು, ಪಾಪ, ಮರ್ಯಾದಸ್ಥರು. ಮತ್ತೊಂದು ಕಡೆ, ಯಾವುದೋ ಕಂಪನಿಯ ಊಟದ ಹಾಲಿನಲ್ಲಿ, ನಾವು ಎರಡನೆಯ ಹಾಡಿನಲ್ಲಿ ಚೆಲ್ಲಾಪಿಲ್ಲಿಯಾದಾಗ ಜನ ತಟ್ಟೆ ಎತ್ತಿಕೊಂಡು ಸಾಂಬಾರಿನ ಕಡೆಗೆ ನಡೆದರು.

ಬ್ಯಾಂಡಿನಲ್ಲಿ ತಾಳ ತಪ್ಪಿದರೆ ಯಾರ ತಪ್ಪು? ಡ್ರಮ್ಸಿನವಳದ್ದು. ಇದಕ್ಕೆ ವಿಚಾರಣೆ ಬೇಕಿಲ್ಲ. ಎರಡು ವರ್ಷ ಹೀಗೇ ನಡೆದು, ಮುಂದಿನ ನವೆಂಬರಿನ ಬುಕಿಂಗುಗಳು ಬರುವ ಹೊತ್ತಿಗೆ, ಮ್ಯಾನೇಜರ್ ಒಂದು ಸಭೆ ಕರೆದ. ಅಭ್ಯಾಸಕ್ಕೆ ಮುಂಚೆ ಹದಿನೈದು ನಿಮಿಷ, ಕಾಫಿ ಅವನ ಲೆಕ್ಕದಲ್ಲಿ. ಕಾಫಿ ಅವನ ಲೆಕ್ಕದಲ್ಲಿ ಎಂದಾಗಲೇ ಯಾರದೋ ತಲೆ ಉರುಳುತ್ತದೆಂದು ನಾನು ಊಹಿಸಬೇಕಿತ್ತು.

"ಇದು ಪರ್ಸನಲ್ ಅಲ್ಲ ಕಣೇ," ಎಂದು ಅವನು ಶುರುಮಾಡಿದ. "ಫೀಡ್‌ಬ್ಯಾಕ್ ಅಷ್ಟೇ. ನೀನು ಬ್ಯಾಂಡಿಗೆ ಎನರ್ಜಿ ತರ್ತೀಯ, ಅದು ನಮ್ಗೆಲ್ಲಾ ಗೊತ್ತು. ಆದ್ರೆ ಟೈಮಿಂಗ್... ಟೈಮಿಂಗ್ ಒಂದು ಏರಿಯಾ ಆಫ್ ಇಂಪ್ರೂವ್‌ಮೆಂಟ್."

"ನೇರವಾಗಿ ಹೇಳೋ," ಎಂದೆ.

ಅವನು ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದ. ನಮ್ಮ ಎಲ್ಲ ಹಾಡುಗಳ ಡ್ರಮ್ಸನ್ನೂ ಅದರಲ್ಲಿ ಹಾಕಿಟ್ಟಿದ್ದ. ಒಂದು ಗುಂಡಿ ಒತ್ತಿದರೆ ಅದೇ ಬಾರಿಸುತ್ತದೆ. ತಪ್ಪುವುದಿಲ್ಲ, ದಣಿಯುವುದಿಲ್ಲ, ಆಟೋ ಸಿಗಲಿಲ್ಲವೆಂದು ತಡವಾಗಿ ಬರುವುದಿಲ್ಲ. ಆಯುಧಪೂಜೆಗೆ ಅಂಕಲ್ ತಮ್ಮ ಶೆಡ್ಡಿನಲ್ಲೇ ನಮ್ಮ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅಲ್ಲಿ ಲ್ಯಾಪ್‌ಟಾಪನ್ನು ಪರೀಕ್ಷೆ ಮಾಡುವುದು, ಸರಿಹೋದರೆ ನವೆಂಬರ್ ಪೂರ್ತಿ ಅದೇ.

"ನಾನು?"

ಕವಿ ನನ್ನ ಕೈಗೆ ಮೊಟ್ಟೆಯಾಕಾರದ ಒಂದು ಪ್ಲಾಸ್ಟಿಕ್ ಗಿಲಕಿ ಇಟ್ಟ. ಒಳಗೆ ಕಾಳಿನಂಥದ್ದೇನೋ ಇತ್ತು. "ಇದು ತುಂಬಾ ಸಟಲ್, ಸೂಕ್ಷ್ಮವಾದ ಇನ್‌ಸ್ಟ್ರುಮೆಂಟ್ ಕಣೇ," ಎಂದ. ಬಾಲವಾಡಿ ಮಕ್ಕಳಿಗೆ ಕೊಡುವ ಆಟಿಕೆಯನ್ನು ಮೂವತ್ತನಾಲ್ಕು ವರ್ಷದ ನನ್ನ ಕೈಗೆ ಕೊಟ್ಟು ಸಟಲ್ ಅಂತೆ. ಅದನ್ನು ಅವನ ಹಣೆಗೆ ಗುರಿಯಿಟ್ಟು ಎಸೆಯಬಹುದಿತ್ತು; ಶಾಲೆಯಲ್ಲಿ ಗುಂಡು ಎಸೆತ ಕಲಿಸುವವಳು ನಾನು. ಎಸೆಯಲಿಲ್ಲ. ಪಿ.ಜಿ.ಯವನು ಮಾತ್ರ ನೆಲ ನೋಡುತ್ತಾ, "ನಂಗೇನೋ ಇಂಗ್ ಮಾಡೋದು ಸರಿ ಕಾಣಲ್ಲ ಕಣ್ರಪ್ಪ," ಎಂದು ಗೊಣಗಿದ. ಅವನ ಗೊಣಗಾಟವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಶಾಲೆಯಲ್ಲಿ ನನ್ನ ಮಾತು ಕೇಳುವುದು ನನ್ನ ಕೈಯಲ್ಲಿ ವಿಷಲ್ ಇದೆಯೆಂದು. ಮನೆಯಲ್ಲಿ ನಾನು ಇನ್ನೂ ಮದುವೆಯಾಗದ ಮಗಳು, ಬಂದ ನೆಂಟರಿಗೆಲ್ಲ ಚರ್ಚೆಯ ವಿಷಯ. ಆ ಗೋದಾಮಿನಲ್ಲಿ, ಆ ಡ್ರಮ್ಸಿನ ಹಿಂದೆ ಕೂತಾಗ ಮಾತ್ರ ನಾನು ನಾನಾಗಿರುತ್ತಿದ್ದೆ. ಅದನ್ನು ಕಿತ್ತುಕೊಂಡು ಗಿಲಕಿ ಕೊಟ್ಟಿದ್ದರು. ಅದಕ್ಕಿಂತ ಕೆಟ್ಟದ್ದೆಂದರೆ, ಅವರು ಹೇಳಿದ್ದು ನಿಜವಿರಬಹುದೇ ಎಂಬ ಸಂಶಯ ನನ್ನೊಳಗೇ ಹುಟ್ಟಿತ್ತು. ಆ ವಾರ ಪ್ರಾರ್ಥನೆಗೆ ಬಾರಿಸುವಾಗ ಮಕ್ಕಳ ಕಾಲನ್ನೇ ದಿಟ್ಟಿಸುತ್ತಿದ್ದೆ, ಯಾರದಾದರೂ ಹೆಜ್ಜೆ ತಪ್ಪುತ್ತಿದೆಯೇ ಎಂದು.

ಆಯುಧಪೂಜೆಯ ಬೆಳಿಗ್ಗೆ ಶೆಡ್ಡು ಗುರುತೇ ಸಿಗದಂತಿತ್ತು. ನೆಲ ತೊಳೆದಿದ್ದರು. ಪ್ರೆಸ್ಸನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿದ್ದರು. ಅದರ ಪೆಡಲಿಗೂ ಒಂದು ಬೊಟ್ಟು. ಅಂಕಲ್ ಪಂಚೆಯುಟ್ಟು, "ಇವತ್ತು ಯಾವನೂ ಸ್ವಿಚ್ ಮುಟ್ಟಂಗಿಲ್ಲ," ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು. ಪ್ರೆಸ್ಸಿನ ಅಣ್ಣ ಬಾಳೆಕಂದು, ಬೂದುಗುಂಬಳ ತರಲು ಟೆಂಪೋದಲ್ಲಿ ಹೋಗಿದ್ದ. ಜನ ಬರುವುದರೊಳಗೆ ಒಂದು ಸಲ ನುಡಿಸಿ ನೋಡೋಣ ಎಂದ ಮ್ಯಾನೇಜರ್.

ನನ್ನ ಡ್ರಮ್ಸ್ ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡು ಕೂತಿತ್ತು. ಅಂಕಲ್ ಅದಕ್ಕೂ ಕುಂಕುಮ ಹಚ್ಚಿಬಿಟ್ಟಿದ್ದರು. ನಾನು ಗಿಲಕಿ ಹಿಡಿದು ನಿಂತೆ. ಮ್ಯಾನೇಜರ್ ಗುಂಡಿ ಒತ್ತಿದ. ಲ್ಯಾಪ್‌ಟಾಪ್ ಬಾರಿಸತೊಡಗಿತು, ಗಡಿಯಾರ ಇದ್ದಂತೆ ಕರಾರುವಾಕ್ಕಾಗಿ. ಕವಿ ಕಣ್ಣು ಮುಚ್ಚಿ ಶೂನ್ಯಕ್ಕೆ ಕೈಚಾಚಿದ. ಎರಡನೆಯ ಸಾಲಿಗೆ ಅವನು ಮುಂದೆ ಓಡಿದ. ಮ್ಯಾನೇಜರ್ ಅವನನ್ನು ಹಿಡಿಯಲು ಹೋಗಿ ಲ್ಯಾಪ್‌ಟಾಪನ್ನು ಕೈಬಿಟ್ಟ. ಪಿ.ಜಿ.ಯವನು ನುಡಿಸುವುದನ್ನೇ ನಿಲ್ಲಿಸಿದ. ಮತ್ತೆ ಶುರುಮಾಡಿದರು, ಮತ್ತೆ ಚೆಲ್ಲಿತು. ಮೂರನೆಯ ಸಲ ಇನ್ನೂ ಬೇಗ ಚೆಲ್ಲಿತು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

"ಲ್ಯಾಪ್‌ಟಾಪಿಗೂ ಫೀಡ್‌ಬ್ಯಾಕ್ ಕೊಡೋ," ಎಂದೆ. "ಟೈಮಿಂಗ್ ಇಂಪ್ರೂವ್ ಮಾಡ್ಕೊಳಕ್ಕೆ ಹೇಳು."

ಎಲ್ಲ ಅಪಾರ್ಟ್‌ಮೆಂಟುಗಳಲ್ಲೂ ಹಾಳಾಗಿದ್ದ ಹಾಡು ಈಗ, ಪ್ರತಿ ಭಾನುವಾರ ಚೆನ್ನಾಗಿ ಬರುತ್ತಿದ್ದ ನಮ್ಮ ಇದೇ ಗೋದಾಮಿನಲ್ಲಿ ಹಾಳಾಗಿತ್ತು, ಅದೂ ತಪ್ಪದ ಯಂತ್ರದ ಜೊತೆ. ಪಿ.ಜಿ.ಯವನು ಚಪ್ಪಲಿ ಬಿಟ್ಟು ಬರಿಗಾಲನ್ನು ನೆಲಕ್ಕೆ ಒತ್ತಿದ. "ನೆಲ ಸುಮ್ಕದೆ ಕಣ್ರಪ್ಪ," ಎಂದ.

ಆಗ ಹೊಳೆಯಿತು. ಪ್ರೆಸ್ ನಿಂತಿತ್ತು. ನಾವು ಬಂದಾಗಿನಿಂದ ಈ ಗೋದಾಮಿನಲ್ಲಿ ಆ ಧಡ್ ಇಲ್ಲದೆ ಒಂದು ಹಾಡನ್ನೂ ನುಡಿಸಿರಲಿಲ್ಲ. ಕಿವಿಗೆ ಬೀಳುವುದು ನಿಂತಿದ್ದರೂ ಅದು ಕಾಲಿನಿಂದ ಎಲ್ಲರ ಮೈಗೆ ಹತ್ತುತ್ತಿತ್ತು. ಎಲ್ಲರೂ ಅದನ್ನೇ ಹಿಡಿದುಕೊಂಡು ನಡೆಯುತ್ತಿದ್ದರು. ವೇದಿಕೆಯ ಮೇಲೆ ಅದು ಇರುತ್ತಿರಲಿಲ್ಲ, ಕುರುಡರಂತೆ ಎಡವುತ್ತಿದ್ದೆವು.

ನನಗೆ ಬಿಡುಗಡೆಯಾಯಿತೆಂದು ಖುಷಿಪಡುವಷ್ಟರಲ್ಲಿ ಮ್ಯಾನೇಜರ್ ಕೈ ಚಿಟಿಕೆ ಹೊಡೆದ. "ಹಂಗಾದ್ರೆ ಇಷ್ಟು ದಿನ ನಮ್ಮ ಡ್ರಮ್ಮರ್ ಆ ಮಷೀನು! ಇವಳೂ ಅದನ್ನೇ ಕೇಳ್ಕೊಂಡು ಹೊಡೀತಿದ್ಲು. ಸೋ, ನಾನು ಹೇಳಿದ್ದು ಸರಿ ತಾನೆ? ಟೈಮಿಂಗ್ ಇವಳದ್ದಲ್ವೇ ಅಲ್ಲ."

ನಿಜವಿದ್ದರೂ ಇರಬಹುದೆನ್ನಿಸಿತು. ನಾನೂ ಅವರ ಹಾಗೆ ಆ ಧಡ್ ಧಡ್ಡಿನ ಬೆನ್ನು ಹತ್ತಿದ್ದೆನೇನೋ. ಗಿಲಕಿಯನ್ನು ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟು ಹೊರಗೆ ಬಂದು ಗೇಟಿನ ಬಳಿಯ ಕಟ್ಟೆಯ ಮೇಲೆ ಕೂತೆ. ಯಾರೋ ಕಡ್ಲೆಪುರಿ ಪೊಟ್ಟಣ ಕೊಟ್ಟರು. ತಿಂದೆ. ಸಿಟ್ಟು ಬಂದಾಗ ನನಗೆ ಹಸಿವೂ ಆಗುತ್ತದೆ.

ಟೆಂಪೋ ಬಂತು. ಪ್ರೆಸ್ಸಿನ ಅಣ್ಣ ಎರಡು ಬೂದುಗುಂಬಳ ಕಂಕುಳಲ್ಲಿಟ್ಟುಕೊಂಡು ಇಳಿದ. ಮಡಿಚಿದ ಹೊಸ ಅಂಗಿಯ ಗೆರೆ ಇನ್ನೂ ಹಾಗೇ ಇತ್ತು. ನನ್ನನ್ನು ನೋಡಿ ನಿಂತ.

"ಯಾಕ್ರೀ ಅಕ್ಕಾರ, ಹೊರಗ ಕುಂತೀರಿ? ಇವತ್ತ ಬಡ್ಯಂಗಿಲ್ಲೇನು?"

"ಇಲ್ಲ ಅಣ್ಣ. ನಾನಿನ್ನು ಬಾರಿಸಲ್ಲ. ಲ್ಯಾಪ್‌ಟಾಪ್ ಬಾರಿಸುತ್ತೆ."

ಅವನು ಕುಂಬಳಕಾಯಿಗಳನ್ನು ಕಟ್ಟೆಯ ಮೇಲಿಟ್ಟ. ಮುಖ ಸಪ್ಪಗಾಗಿತ್ತು. "ಹಾಂಗಂದ್ರ ರವಿವಾರ ನಾ ಹೆಂಗ್ ಕೆಲಸಾ ಮಾಡ್ಲೀ?"

ಅವನು ಏನು ಹೇಳುತ್ತಿದ್ದಾನೆಂದು ನನಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. "ನಿಮ್ಮ ದೊಡ್ಡ ಡ್ರಮ್ಮಿನ ಬಡಿತ ನೆಲದಾಗಿಂದ ನನ್ನ ಕಾಲಿಗೆ ಬರತೈತ್ರಿ. ನೀವು ಧಡ್ ಅಂದ ಕೂಡ್ಲೇ ನಾ ಪೆಡಲ್ ಒತ್ತತೀನಿ. ನಿಮ್ಮ ಮುಂದಿನ ಧಡ್ ಬರೂದ್ರಾಗ ಕೈ ಹಾಕಿ ಬಿಲ್ಲೆ ತಗದು, ಹೊಸಾ ತುಂಡ ಇಟ್ಟು, ಕೈ ಹೊರಗ ತಗೋತೀನಿ. ಉಳದ ದಿನ ಬ್ಯಾಸರ ಆಕ್ಕೈತಿ, ಕೈ ನೋಯ್ತಾವು. ರವಿವಾರ ಹಗೂರ."

"ಅಣ್ಣ, ನಾನೇ ನಿಮ್ಮ ಮಷೀನ್ ಕೇಳ್ಕೊಂಡು ಬಾರಿಸ್ತಿದ್ದೆ ಅಂತಾರೆ ಅವರು."

"ಯಾರಂದ್ರಿ? ನೀವು ನಿಂತ್ರ ನಾ ನಿಂದರತೀನಿ. ನೀವು ಚಾ ಕುಡ್ಯಾಕ ಎದ್ರ ನಾನೂ ಏಳತೀನಿ. ನಮ್ಮ ಮಷೀನು ತನ್ನಷ್ಟಕ್ಕ ತಾ ಬಡ್ಯೂದಲ್ರೀ, ಕಾಲಿಲೆ ಒತ್ತಿದ್ರನ ಬಡೀತೈತಿ."

ಹೌದಲ್ಲ. ಮಷೀನ್ ತನ್ನಷ್ಟಕ್ಕೆ ತಾನು ಓಡುತ್ತದೆಂದು ನಾವು ನಾಲ್ವರೂ ತಿಳಿದಿದ್ದೆವು. ಅದರ ಪೆಡಲಿನ ಮೇಲೆ ಒಂದು ಕಾಲಿರುತ್ತದೆ, ಆ ಕಾಲು ನನ್ನ ಏಟಿಗಾಗಿ ಕಾಯುತ್ತಿರುತ್ತದೆ ಎಂದು ಯಾರು ಯೋಚಿಸಿದ್ದರು? ನಾನು ಬಾರಿಸಿದ್ದನ್ನೇ ಅವನು ಒತ್ತುತ್ತಿದ್ದ. ಅದೇ ಏಟು ನೆಲ ಹತ್ತಿ ಬಂದು ಈ ಮೂವರನ್ನು ನಡೆಸುತ್ತಿತ್ತು. ನನ್ನ ಏಟನ್ನು ನನ್ನಿಂದ ಕೇಳಿಸಿಕೊಳ್ಳದ ದೊರೆಗಳು ಅದನ್ನು ಕಬ್ಬಿಣದಿಂದ ಕೇಳಿಸಿಕೊಂಡಿದ್ದರು.

ಮೈ ಹಗುರಾಯಿತು. ಮರುಗಳಿಗೆಯಲ್ಲೇ ಇನ್ನೊಂದು ಯೋಚನೆ ಬಂತು. "ಅಣ್ಣ, ಕೈ ಒಳಗಿದ್ದಾಗ ನಾನೇನಾದ್ರೂ ತಪ್ಪಿ ಮೊದಲೇ ಬಾರಿಸಿಬಿಟ್ಟಿದ್ರೆ?"

"ರೂಢಿ ಬಿದ್ದ ಕಾಲು ಒತ್ತೇಬಿಡತೈತ್ರಿ. ಬೆರಳು ಕತ್ತರಿಸಿ ಹೋಗತಾವು, ಮತ್ತೇನು," ಎಂದ, ಬಸ್ಸು ತಪ್ಪುತ್ತದೆ ಎನ್ನುವಷ್ಟು ಸಲೀಸಾಗಿ. ಆಮೇಲೆ ಎರಡೂ ಕೈ ಎತ್ತಿ ನನ್ನ ಮುಖದ ಮುಂದೆ ಹಿಡಿದು ಬೆರಳು ಬಿಡಿಸಿದ. "ಎರಡ ವರ್ಷ ಆತು. ಹತ್ತೂ ಅದಾವ ನೋಡ್ರಿ."

ನಾನು ಆ ಕೈಗಳನ್ನು ನೋಡಿದೆ. ದಪ್ಪ ಬೆರಳುಗಳು, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸು. ಒಂದು ಮೂರು ನಿಮಿಷದ ಹಾಡನ್ನು ನನ್ನ ಮೇಲೆ ನಂಬಿ ಬಿಡಲಾರದೆ ಒಳಗಿನ ಮೂವರು ಲ್ಯಾಪ್‌ಟಾಪ್ ತಂದಿದ್ದರು. ಗೋಡೆಯಾಚೆ ಒಬ್ಬ ಮನುಷ್ಯ, ಯಾರನ್ನೂ ಕೇಳದೆ, ತನ್ನ ಹತ್ತು ಬೆರಳನ್ನು ನನ್ನ ಮೇಲೆ ಬಿಟ್ಟಿದ್ದ. ಕಣ್ಣು ತುಂಬಿ ಬಂತು. ಕಡ್ಲೆಪುರಿ ಗಂಟಲಿಗೆ ಸಿಕ್ಕಿ ಕೆಮ್ಮಿದಂತೆ ನಾಟಕ ಮಾಡಿದೆ.

ಅವನ ತೋಳು ಹಿಡಿದುಕೊಂಡೇ ಒಳಗೆ ಹೋದೆ. ಲ್ಯಾಪ್‌ಟಾಪ್ ನಾಲ್ಕನೆಯ ಸಲ ಬಾರಿಸುತ್ತಿತ್ತು. ಅದರ ಮುಚ್ಚಳ ಮುಚ್ಚಿದೆ. ಅಣ್ಣ ಹೇಳಿದ್ದನ್ನೆಲ್ಲ ಹೇಳಿದೆ. ಮ್ಯಾನೇಜರ್ ಹುಬ್ಬು ಗಂಟಿಕ್ಕಿದ.

"ಕೇಳಕ್ಕೆ ಚೆನ್ನಾಗಿದೆ. ಆದ್ರೆ ಪ್ರೂಫ್ ಏನು?"

"ಅಣ್ಣ, ಕೈ ತೋರಿಸಿ," ಎಂದೆ. ಅಣ್ಣ ಸಂಕೋಚದಿಂದ ಎರಡೂ ಕೈ ಎತ್ತಿದ. "ಎಣಿಸ್ಕೋ," ಎಂದೆ ಮ್ಯಾನೇಜರಿಗೆ.

ಅವನು ಎಣಿಸಲಿಲ್ಲ. ಆದರೆ ನೋಡಿದ, ಸಾಕಷ್ಟು ಹೊತ್ತು ನೋಡಿದ. ಪಿ.ಜಿ.ಯವನು ಹೋಗಿ ನನ್ನ ಡ್ರಮ್ಸಿನ ಮೇಲಿನ ಬಟ್ಟೆ ತೆಗೆದು ಮಡಿಸಿಟ್ಟ. "ಬಾರಕ್ಕ, ಕೂತ್ಕೊ. ಜನ ಬತ್ತಾವ್ರೆ," ಎಂದ.

ಕೂರುವ ಮೊದಲು, ಶಾಲೆಯಲ್ಲಿ ಏಳನೆಯ ತರಗತಿಗೆ ಹೇಳುವ ದನಿಯಲ್ಲಿ ಒಂದು ಮಾತು ಹೇಳಿದೆ. "ಇವತ್ತು ನೆಲ ಏನೂ ಹೇಳಲ್ಲ. ನನ್ನ ಕಡೆ ತಿರುಗಿ ನಿಂತ್ಕೊಂಡು ನುಡಿಸಿ. ಕಣ್ಣು ಮುಚ್ಚಿದವನಿಗೆ ಕಡ್ಡಿಯಲ್ಲಿ ಬಾರಿಸ್ತೀನಿ." ಕಣ್ಣು ಮುಚ್ಚುವವನು ಕವಿ ಒಬ್ಬನೇ.

ಕುಂಬಳಕಾಯಿ ಒಡೆದರು, ಮಂಗಳಾರತಿಯಾಯಿತು. ಅಕ್ಕಪಕ್ಕದ ಶೆಡ್ಡುಗಳವರು, ಅವರ ಮನೆಯವರು, ಅಂಕಲ್ಲಿನ ಹೆಂಡತಿ ಎಲ್ಲ ಬಂದು ಜಮಖಾನದ ಮೇಲೆ ಕೂತರು. ಬ್ಯಾಂಡಿನ ಮೂವರೂ ಕೂತವರಿಗೆ ಅರ್ಧ ಬೆನ್ನು ಹಾಕಿಕೊಂಡು ನಿಂತದ್ದು ನೋಡಲು ವಿಚಿತ್ರವಾಗಿತ್ತು. ಬೈದು ನಿಲ್ಲಿಸಿದ ಮಕ್ಕಳ ಹಾಗಿದ್ದರು. ಒಂದು ಕಡೆ ಎಡವಿದೆವು. ನಾನು ಅಲ್ಲೇ ಏಟು ಗಟ್ಟಿ ಮಾಡಿದೆ, ಮೂವರೂ ಬಂದು ಸೇರಿಕೊಂಡರು. ಅದರಾಚೆಗೆ ಹಾಡು ಕೊನೆಯವರೆಗೂ ಒಟ್ಟಿಗೇ ಹೋಯಿತು. ಪ್ರೆಸ್ಸಿನ ಅಣ್ಣ ಹಿಂದಿನ ಸಾಲಿನಲ್ಲಿ ನಿಂತುಕೊಂಡೇ ಬಲಗಾಲಿನ ಹಿಮ್ಮಡಿ ಒತ್ತುತ್ತಿದ್ದ.

ಊಟದ ಹೊತ್ತಿಗೆ ಕವಿ ಗೆದ್ದ ಹುಮ್ಮಸ್ಸಿನಲ್ಲಿ ಅಣ್ಣನ ಎಲೆಯ ಪಕ್ಕದಲ್ಲೇ ಕೂತ. "ಹಾಡು ಹೆಂಗಿತ್ತಣ್ಣ?"

"ಛಲೋ ಇತ್ರಿ," ಎಂದ ಅಣ್ಣ, ಕೋಸಂಬರಿ ಕಲಸುತ್ತಾ. "ಇದಕ್ಕ ಹಾಡೂ ಐತಿ ಅಂತ ಗೊತ್ತ ಇರ್ಲಿಲ್ರೀ. ನೀವ್ಯಾಕ ಬರ್ತೀರಿ ಅಂತ ಎರಡ ವರ್ಷದಿಂದ ವಿಚಾರ ಮಾಡ್ತಿದ್ದೆ."

ಕವಿಯ ಮುಖ ಇಂಗು ತಿಂದ ಮಂಗನಂತಾಯಿತು. ನಾನು ನಕ್ಕು ನಕ್ಕು ನೀರಿನ ಲೋಟ ಚೆಲ್ಲಿದೆ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಂದಿನ ಭಾನುವಾರ ಮಾಮೂಲಿನಂತೆ ಹೋದೆವು. ಮ್ಯಾನೇಜರ್ ಕ್ಷಮೆ ಕೇಳಲಿಲ್ಲ, ಅಂಥವರು ಕೇಳುವುದಿಲ್ಲ. ಲ್ಯಾಪ್‌ಟಾಪ್ ಮಾತ್ರ ಮನೆಯಲ್ಲಿ ಬಿಟ್ಟು ಬಂದಿದ್ದ. ಗೋಡೆಯಾಚೆ ಧಡ್ ಎನ್ನುತ್ತಿತ್ತು, ತಡೆದು ತಡೆದು, ಬೇಸರದಲ್ಲಿ. ನಾನು ಕೂತೆ. ಕಡ್ಡಿ ಎತ್ತಿದೆ. ಕೈ ಇಳಿಯಲಿಲ್ಲ.

ಈಗ ಆ ಗೋಡೆ ನನಗೆ ಗೋಡೆಯಾಗಿ ಕಾಣುತ್ತಿರಲಿಲ್ಲ. ಆಚೆ ಅವನ ಕೈ ಒಳಗೆ ಹೋಗುವುದು, ಬಿಲ್ಲೆ ತೆಗೆಯುವುದು, ಹೊರಗೆ ಬರುವುದು ಕಾಣುತ್ತಿತ್ತು. ಗೊತ್ತಿಲ್ಲದಾಗ ಎರಡು ವರ್ಷ ತಪ್ಪದ ನನ್ನ ಕೈ, ಗೊತ್ತಾದ ಮೇಲೆ ಇವತ್ತೇ ತಪ್ಪಬಹುದು. ಎದ್ದು ಆಚೆ ಹೋಗಿ ಅಂಕಲ್ಲಿಗೆ ಹೇಳಿದೆ. ಕೈಗೆ ಅಡ್ಡ ಬರುತ್ತದೆಂದು ಬಿಚ್ಚಿ ಮೂಲೆಗಿಟ್ಟಿದ್ದ, ಬೆರಳು ಕಾಯುವ ಪ್ರೆಸ್ಸಿನ ಜಾಲರಿಯನ್ನು ಮತ್ತೆ ಹಾಕಿಸಬೇಕು ಎಂದೆ. ಅವರು "ಹಾಕಿಸ್ತೀನಿ ಕಣಮ್ಮ, ತಲೆ ತಿನ್ಬೇಡ" ಎಂದರು. ವಾಪಸು ಬಂದು ಈ ಮೂವರಿಗೆ ಹೇಳಿದೆ, "ಆ ಮಷೀನ್ ನಿಲ್ಲೋವರೆಗೂ ನಾನು ಬಾರಿಸಲ್ಲ. ಇವತ್ತಂತಲ್ಲ, ಯಾವತ್ತೂ."

"ಮಗಾ, ಅದು ನಿಲ್ಲೋದು ಸಂಜೆ!" ಎಂದ ಕವಿ.

"ಸಂಜೆ ಬಾರಿಸೋಣ."

ಮ್ಯಾನೇಜರ್ ಏನೋ ಹೇಳಲು ಹೊರಟ. ಪಿ.ಜಿ.ಯವನು ಬೇಸ್ ಗಿಟಾರನ್ನು ಕೆಳಗಿಡುತ್ತಾ, "ಲ್ಯಾಪ್‌ಟಾಪ್ ಆಗಿದ್ರೆ ಅಣ್ಣನ್ ಬೆರಳಿಗೋಸ್ಕರ ನಿಲ್ಲಿಸ್ತಿತ್ತೇನ್ಲಾ?" ಎಂದ. ಮ್ಯಾನೇಜರ್ ಗಿಟಾರ್ ಕೆಳಗಿಟ್ಟ.

ಸ್ವಲ್ಪ ಹೊತ್ತಿನಲ್ಲಿ ಪ್ರೆಸ್ಸಿನ ಅಣ್ಣನೇ ಬಾಗಿಲಿಗೆ ಬಂದ, ಜಗಳಕ್ಕೆ ಬಂದವನ ಹಾಗೆ. "ಯಾಕ್ರೀ ಬಡೀವಲ್ರಿ? ಕೆಲಸಾ ಮುಂದ ಸಾಗವಲ್ತು."

"ನೀವು ಮುಗಿಸಿ ಬನ್ನಿ ಅಣ್ಣ. ಆಮೇಲೆ ಬಾರಿಸ್ತೀನಿ. ಇಲ್ಲೇ ಕೂತು ಕೇಳಿ."

ಅವನಿಗೆ ಅದು ಹಿಡಿಸಲಿಲ್ಲ. ಅವನ ಭಾನುವಾರದ ಒಂದು ಸುಖವನ್ನು ನಾನು ಕಿತ್ತುಕೊಂಡಿದ್ದೆ, ಅದು ನನಗೂ ಗೊತ್ತಿತ್ತು. ಗೊಣಗುತ್ತಾ ಹೋದ. ನಾವು ನಾಲ್ವರು ಹಾಸಿಗೆಗಳಿಗೆ ಒರಗಿ, ತಿಗಣೆ ಕಡಿಸಿಕೊಳ್ಳುತ್ತಾ ಕಾದೆವು. ಟೀ ತರಿಸಿದೆವು. ಕವಿ ಎರಡು ಸಲ ನಿದ್ದೆ ಹೋದ. ಯಾರೂ ಮನೆಗೆ ಹೋಗುತ್ತೇನೆ ಎನ್ನಲಿಲ್ಲ.

ಬಿಸಿಲು ಇಳಿದ ಮೇಲೆ ಆಚೆ ಮೋಟರು ನಿಂತಿತು. ನಲ್ಲಿಯ ಸದ್ದು ಕೇಳಿಸಿತು. ಅಣ್ಣ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು, ನನ್ನ ಎದುರಿಗೆ ಒಂದು ಪ್ಲಾಸ್ಟಿಕ್ ಕ್ರೇಟ್ ಬೋರಲು ಹಾಕಿಕೊಂಡು ಕೂತ. ಇನ್ನೂ ಸ್ವಲ್ಪ ಮುನಿಸಿತ್ತು. ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ. ನಾನು ಅದನ್ನು ನೋಡಿದ ಮೇಲೆಯೇ ಕಡ್ಡಿ ಎತ್ತಿದೆ.